ಬಾವಿಯಲ್ಲಿದ್ದ ಇನ್ನೊಬ್ಬ

ದೆವ್ವ ಕಂಡೆ, ಸತ್ತವರು ಕೂಗಿದ್ದು ಕೇಳಿಸಿತು ಎಂದು ಯಾರಾದರೂ ಹೇಳಿದರೆ ಮುಲಾಜಿಲ್ಲದೆ ನಗುತ್ತಿದ್ದವನು ನಾನು. ಚಿಕ್ಕಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಾನೂ ನನ್ನ ಗೆಳೆಯ, ಗಣಿತದ ಮೇಷ್ಟ್ರು ಇನಾಯತನೂ ರಜೆ ಸಿಕ್ಕಾಗಲೆಲ್ಲ ಹಳ್ಳಿಗಳಿಗೆ ಹೋಗಿ ನಿಂಬೆಹಣ್ಣಿನಿಂದ ರಕ್ತ ಸುರಿಸುವುದು, ಬರಿಗೈಯಿಂದ ವಿಭೂತಿ ಉದುರಿಸುವುದು ಇಂಥ ಪವಾಡಗಳನ್ನು ಮಾಡಿ ತೋರಿಸಿ, ಆಮೇಲೆ ಅದರ ಗುಟ್ಟು ಬಿಚ್ಚಿಡುತ್ತಿದ್ದೆವು. ಯಾರಾದರೂ ಎದ್ದು ನಿಂತು ತಮಗಾದ ಅನುಭವ ಹೇಳಿದರೆ ನನ್ನ ಮೊದಲ ಪ್ರಶ್ನೆ, "ಆವತ್ತು ನಿಮಗೆ ಜ್ವರ ಇತ್ತಾ?" ಜನ ಗೊಳ್ಳೆಂದು ನಗುತ್ತಿದ್ದರು. ಹೇಳಿದವರು ಮುಖ ಸಣ್ಣದು ಮಾಡಿಕೊಂಡು ಕೂತುಬಿಡುತ್ತಿದ್ದರು.

ಆದ್ದರಿಂದ ನೀವು ಇದನ್ನು ಓದಿ ನಕ್ಕರೆ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಆಗಿದ್ದನ್ನು ಆಗಿದ್ದ ಹಾಗೆ ಹೇಳುತ್ತೇನೆ, ಅಷ್ಟೆ. ನಂಬಿಸುವ ಆಸೆ ನನಗಿಲ್ಲ.

ನನ್ನ ಹೆಂಡತಿ ಸುಮಿತ್ರ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಒಂದು ಸಂಜೆ ಸ್ಕೂಲಿನಿಂದ ಬಂದವಳು ತಲೆ ಸಿಡೀತಾ ಇದೆ ಎಂದು ಮಲಗಿದಳು. ಮತ್ತೆ ಸರಿಯಾಗಿ ಎಚ್ಚರವಾಗಲಿಲ್ಲ. ಆ ವಾರ ಮುಗಿಯುವುದರೊಳಗೆ ಎಲ್ಲ ಮುಗಿದಿತ್ತು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಯಾಕೆ ಎಂದು ಕೇಳಿದೆ. "ಹೀಗಾಗುತ್ತೆ ಸಾರ್, ಕೆಲವರಿಗೆ," ಎಂದರು. ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದೂ ಅದೇ ತಾನೆ? ಪ್ರಕೃತಿಗೆ ಉದ್ದೇಶ ಅನ್ನುವುದಿಲ್ಲ, ನಿಯಮ ಮಾತ್ರ ಇದೆ ಅಂತ.

ಸಮಾಧಾನ ಹೇಳುವುದಕ್ಕೆ ಬಂದವರ ಮಾತುಗಳನ್ನು ನಾನು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು. ಋಣ ಇಷ್ಟೇ ಇತ್ತು ಎಂದರು. ದೂರದ ನೆಂಟಳೊಬ್ಬಳು ಕಾಫಿ ಲೋಟ ಕೆಳಗಿಡುತ್ತಾ, "ಮಕ್ಕಳಿಲ್ಲದ್ದೇ ಒಳ್ಳೇದಾಯ್ತು ಬಿಡಿ, ತಬ್ಬಲಿ ಆಗೋರು," ಎಂದಳು. ದೇವರನ್ನು ನಂಬಿದವರಿಗೆ ಬೈಯುವುದಕ್ಕಾದರೂ ಒಬ್ಬ ಇರುತ್ತಾನೆ. ನನಗೆ ಅದೂ ಇರಲಿಲ್ಲ.

ದುಃಖವನ್ನು ಹೇಗೋ ತಡೆದುಕೊಂಡೆ. ಅದರ ಹಿಂದೆ ಬಂದದ್ದು ಬೇರೆಯದು. ಅದಕ್ಕೆ ಹೆಸರಿಡುವುದು ಕಷ್ಟ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ನಕ್ಷತ್ರಗಳ ಪಾಠ ಮಾಡುತ್ತಿದ್ದೆ. ಸೂರ್ಯನೂ ಒಂದು ದಿನ ಆರಿಹೋಗುತ್ತಾನೆ, ಆಗ ಭೂಮಿಯೂ ಇರುವುದಿಲ್ಲ ಎಂದು ಎಷ್ಟೋ ವರ್ಷಗಳಿಂದ ಉತ್ಸಾಹದಲ್ಲಿ ಹೇಳಿಕೊಂಡು ಬಂದ ಮಾತನ್ನೇ ಆವತ್ತೂ ಹೇಳಿದೆ. ಹೇಳಿದವನ ಕೈಯಲ್ಲಿ ಸೀಮೆಸುಣ್ಣ ನಿಂತುಬಿಟ್ಟಿತು. ಹಾಗಾದರೆ ಈ ಬೋರ್ಡು, ಈ ಪಾಠ, ಬಾಯಿ ಬಿಟ್ಟುಕೊಂಡು ಕೇಳುತ್ತಿರುವ ಈ ಮಕ್ಕಳು, ಸುಮಿತ್ರಳ ಇಪ್ಪತ್ತು ವರ್ಷದ ಅಕ್ಷರ ತಿದ್ದಿಸುವಿಕೆ, ಇದೆಲ್ಲ ಯಾಕೆ? ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತಿತು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದು, ಸೈಕಲ್ ಸ್ಟ್ಯಾಂಡಿನ ಹಿಂದೆ ಗೋಡೆ ಹಿಡಿದುಕೊಂಡು ನಿಂತೆ.

ಅಲ್ಲಿಂದಾಚೆಗೆ ಅದು ದಿನಾ ಬರತೊಡಗಿತು. ಎಲ್ಲರಿಗೂ ರಾತ್ರಿ ಹೆದರಿಕೆಯಾದರೆ ನನಗೆ ಮಧ್ಯಾಹ್ನ. ಬಿಸಿಲು ಸುರಿಯುತ್ತಿರುವಾಗ, ತರಕಾರಿ ಗಾಡಿಯವನು ಕೂಗುತ್ತಿರುವಾಗ, ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರುವಾಗ. ಇನಾಯತ್ ಒಬ್ಬನಿಗೇ ಹೇಳಿದೆ. ಅವನು ಚಿಂತಾಮಣಿಯಲ್ಲಿ ತನಗೆ ಪರಿಚಯದ ಒಬ್ಬ ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದ. ಮಾತ್ರೆ ಕೊಟ್ಟರು. ನಿದ್ದೆ ಬಂತು. ಎದ್ದ ಮೇಲೆ ಅದು ಹಾಗೇ ಇತ್ತು.

ಬೇಸಿಗೆ ರಜೆ ಬಂತು. ಮನೆಯಲ್ಲಿ ಕೂರಲಾರದೆ ಮಧ್ಯಾಹ್ನ ಸ್ಕೂಟರ್ ತೆಗೆದುಕೊಂಡು ಎಲ್ಲಿಗಾದರೂ ಹೊರಟುಬಿಡುತ್ತಿದ್ದೆ. ಒಂದು ದಿನ ಗೌರಿಬಿದನೂರಿನ ಕಡೆ, ಇನ್ನೊಂದು ದಿನ ಮೇಲೂರಿನ ಹಿಪ್ಪುನೇರಳೆ ತೋಟಗಳ ನಡುವೆ. ಈ ಸಂಗತಿ ನಡೆದ ದಿನ ಮಂಡಿಕಲ್ಲಿನ ಕಡೆ ಹೋಗಿದ್ದೆ. ಊರು ದಾಟಿ ಎಷ್ಟೋ ದೂರ ಹೋದ ಮೇಲೆ ಒಂದು ಮಣ್ಣುದಾರಿ, ಅದರ ಕೊನೆಗೆ ನೀಲಗಿರಿ ತೋಪು. ನೆರಳಿದೆಯಲ್ಲ ಎಂದು ಸ್ಕೂಟರ್ ನಿಲ್ಲಿಸಿದೆ. ಮೊಬೈಲನ್ನು ಡಿಕ್ಕಿಯಲ್ಲೇ ಬಿಟ್ಟು ನಡೆಯುತ್ತಾ ಹೋದೆ. ತೋಪಿನ ಆಚೆಗೆ ಒಂದು ಹಾಳುಬಾವಿ ಸಿಕ್ಕಿತು.

ಬೋರ್‌ವೆಲ್ ಬಂದ ಮೇಲೆ ನಮ್ಮ ಕಡೆ ಇಂಥ ಬಾವಿಗಳಿಗೆ ಲೆಕ್ಕವಿಲ್ಲ. ಕಲ್ಲಿನಲ್ಲಿ ಕಟ್ಟಿದ ದೊಡ್ಡ ಬಾವಿ, ನೀರಿಲ್ಲ. ಮಣ್ಣು ಕುಸಿದು, ಕಸ ತುಂಬಿ ಅರ್ಧ ಮುಚ್ಚಿಹೋಗಿತ್ತು. ಆದರೂ ಎರಡು ಮೂರು ಆಳು ಆಳ ಉಳಿದಿತ್ತು. ತಳದಲ್ಲಿ ಒಂದು ಕಡೆ ಲಂಟಾನ ಪೊದೆ ದಟ್ಟವಾಗಿ ಬೆಳೆದಿತ್ತು. ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಅದು ಬಂತು. ಎದೆ ಹೊಡೆತ, ಬೆವರು, ಇದೆಲ್ಲ ಯಾಕೆ ಎನ್ನುವ ಪ್ರಶ್ನೆ. ಕಾಲಡಿಯ ಕಲ್ಲು ಸಣ್ಣಗೆ ಅಲುಗಿದ್ದು ನನಗೆ ತಿಳಿಯಿತು.

ಇಲ್ಲಿ ನಿಜ ಹೇಳಬೇಕು. ನಾನು ಹಾರಿದೆ ಎಂದು ಊರಲ್ಲಿ ಮಾತಾಡಿಕೊಂಡರು. ಹಾರಲಿಲ್ಲ. ಆದರೆ ಕಲ್ಲು ಅಲುಗಿದಾಗ ಹಿಂದಕ್ಕೆ ಸರಿಯಲೂ ಇಲ್ಲ.

ಬಿದ್ದಾಗ ಏನಾಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಸದ ಮೇಲೆ ಬಿದ್ದಿದ್ದೆ. ಎಡಗಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು. ನೋವಿಗೆ ಕಿರುಚಿದೆ. ಆಮೇಲೆ ಗಂಟಲು ಒಣಗುವವರೆಗೂ ಕೂಗಿದೆ. ಮೇಲೆ ನೀಲಗಿರಿ ಎಲೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಇಲ್ಲೇ ಸಾಯುತ್ತೇನೆ ಅನ್ನಿಸಿತು. ಇಷ್ಟು ದಿನ ಯಾಕೆ ಬದುಕಬೇಕು ಎನ್ನುತ್ತಿದ್ದವನು ಈಗ ಸಾಯುತ್ತೇನೆಂದು ಗಡಗಡ ನಡುಗುತ್ತಿದ್ದೆ. ಬಟ್ಟೆ ಒದ್ದೆ ಮಾಡಿಕೊಂಡಿದ್ದೆ. ಪುಸ್ತಕಗಳಲ್ಲಿ ಬರೆಯುವ ಯಾವ ಘನತೆಯೂ ಅದರಲ್ಲಿರಲಿಲ್ಲ.

ಆಗ ಪೊದೆಯ ಆಚೆಯಿಂದ ಯಾರೋ ಬಿಕ್ಕಿದ ಸದ್ದು ಕೇಳಿಸಿತು.

ಮತ್ತೆ ಬಿಕ್ಕು. ಆಮೇಲೆ ತೆಲುಗಿನಲ್ಲಿ ಒಂದು ಗಂಡುದನಿ, "ಎವರಣ್ಣಾ?" ಯಾರಣ್ಣಾ ಎಂದು.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಹೆದರಿಕೆ ಒಂದಿಷ್ಟೂ ಆಗಲಿಲ್ಲ. ಇನ್ನೊಬ್ಬ ಬಿದ್ದಿದ್ದಾನೆ, ನನ್ನ ಹಾಗೇ, ಅಷ್ಟೇ ಅಂದುಕೊಂಡೆ. ಆಂಧ್ರದ ಗಡಿಯ ಕಡೆಯಿಂದ ಕೆಲಸಕ್ಕೆ ಬಂದವನಿರಬೇಕು. ನನಗೆ ತೆಲುಗು ಅರ್ಥವಾಗುತ್ತದೆ, ಮಾತಾಡಲು ಹೋದರೆ ತಡವರಿಸುತ್ತೇನೆ. ಕನ್ನಡದಲ್ಲೇ ಕೇಳಿದೆ, "ನೀನೂ ಬಿದ್ದಿದ್ದೀಯೇನಪ್ಪಾ? ಏಟಾಗಿದೆಯಾ?"

"ಭಯಮೈತಾ ಉಂದಣ್ಣಾ," ಎಂದ. ಹೆದರಿಕೆ ಆಗ್ತಾ ಇದೆ ಎಂದು. ದೊಡ್ಡ ಗಂಡಸಿನ ದನಿ, ಮಕ್ಕಳ ಹಾಗೆ ಅಳುತ್ತಿತ್ತು.

ನಾನು ಹೇಳಿದ ಮಾತು ನನಗೇ ಆಶ್ಚರ್ಯ. "ಹೆದರ್ಕೋಬೇಡ ಕಣೋ. ನಾನಿದೀನಿ," ಎಂದೆ. ನನ್ನ ಹಲ್ಲುಗಳು ಇನ್ನೂ ಕಟಕಟಿಸುತ್ತಿದ್ದವು. ಆದರೆ ದನಿ ತರಗತಿಯಲ್ಲಿ ಬರುವ ಹಾಗೆ ಗಟ್ಟಿಯಾಗಿ ಬಂತು.

ಹೆಸರು ಕೇಳಿದೆ, ಊರು ಕೇಳಿದೆ. ಯಾವುದಕ್ಕೂ ಉತ್ತರವಿಲ್ಲ. ಬರೀ ಅಳು. ಆಮೇಲೆ ಇದ್ದಕ್ಕಿದ್ದಂತೆ, "ಇದಂತಾ ಎಂದುಕಣ್ಣಾ?" ಎಂದ. ಇದೆಲ್ಲ ಯಾಕಣ್ಣಾ?

ಅದೇ ಪ್ರಶ್ನೆ. ತಿಂಗಳುಗಟ್ಟಲೆ ನನ್ನನ್ನು ಗೋಡೆ ಹಿಡಿಸಿದ ಪ್ರಶ್ನೆ, ಇನ್ನೊಬ್ಬನ ಬಾಯಿಂದ ಬರುತ್ತಿತ್ತು. ಋಣ, ಪುಣ್ಯ ಎಂದು ಏನಾದರೂ ಹೇಳಿಬಿಡಬಹುದಿತ್ತು. ನಾಲಿಗೆ ಹೊರಳಲಿಲ್ಲ. "ನಂಗೊತ್ತಿಲ್ಲಪ್ಪ. ನಿಜವಾಗಲೂ ಗೊತ್ತಿಲ್ಲ. ಆದರೆ ನೀನು ಅಳೋದು ನಂಗೆ ಕೇಳಿಸ್ತಾ ಇದೆ. ಒಬ್ಬನೇ ಇಲ್ಲ ನೀನು," ಎಂದೆ. ಅವನು ಬಿಕ್ಕುವುದು ಸ್ವಲ್ಪ ಕಡಿಮೆಯಾಯಿತು.

ಮಾತು ನಿಂತರೆ ಅವನು ಮತ್ತೆ ಅಳುತ್ತಾನೆಂದು ಮಾತಾಡುತ್ತಲೇ ಹೋದೆ. ನನಗೆ ಗೊತ್ತಿರುವುದು ಪಾಠ ಮಾಡುವುದೊಂದೇ. ಬಾವಿಯ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತಲ್ಲ, ಅದನ್ನೇ ಹಿಡಿದುಕೊಂಡೆ. ನೋಡು, ಸೂರ್ಯ ಇಳಿಯುತ್ತಿರುವುದರಿಂದ ನೆರಳು ಕಲ್ಲಿಂದ ಕಲ್ಲಿಗೆ ಮೇಲೇರುತ್ತಿದೆ, ನಿಜದಲ್ಲಿ ಸೂರ್ಯ ಇಳಿಯುತ್ತಿಲ್ಲ, ಭೂಮಿ ತಿರುಗುತ್ತಿದೆ, ನೀನೂ ನಾನೂ ಈ ಬಾವಿಯೂ ಸೇರಿ ತಿರುಗುತ್ತಿದ್ದೇವೆ ಎಂದೆಲ್ಲ ಹೇಳಿದೆ. ಆಮೇಲೆ ಸುಮಿತ್ರಳ ಬಗ್ಗೆ ಹೇಳಿದೆ. ಅವಳು ಸತ್ತ ಮೇಲೆ ಯಾರ ಹತ್ತಿರವೂ ಆಡದೆ ಇದ್ದದ್ದು. ಉಪ್ಪಿಟ್ಟಿಗೆ ಸದಾ ಉಪ್ಪು ಮರೆಯುತ್ತಿದ್ದಳು, ನಾನು ರೇಗಿಸಿದರೆ ಮಕ್ಕಳ ಹೋಂವರ್ಕಿನ ಮೇಲೆ ತಪ್ಪು ಗುರುತು ಹಾಕುವ ಹಾಗೆ ಗಾಳಿಯಲ್ಲಿ ನನ್ನ ಮುಖದ ಮೇಲೆ ಕೆಂಪು ಗೀರು ಎಳೆಯುತ್ತಿದ್ದಳು. ಹೇಳುತ್ತಾ ನಾನೂ ಅತ್ತೆ. ಆ ಕಡೆಯವನು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆ ಎನ್ನುವುದು ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಗುತ್ತಿತ್ತು.

ಬಿಸಿಲು ಗೋಡೆಯ ಮೇಲಂಚಿಗೆ ಹೋದಾಗ ಅವನು ಮತ್ತೆ ಗಾಬರಿಯಾದ. "ಎಂಡ ಪೋತಾ ಉಂದಣ್ಣಾ," ಬಿಸಿಲು ಹೋಗ್ತಾ ಇದೆಯಣ್ಣಾ ಎಂದು ಜೋರಾಗಿ ಕೂಗಿದ. "ಪೋವದ್ದಣ್ಣಾ," ಎಂದ. ಹೋಗಬೇಡ ಎಂದು. "ಎಲ್ಲಿಗೆ ಹೋಗಲಿ, ಕಾಲು ಮುರಿದಿದೆ," ಎಂದು ನಕ್ಕೆ. ಆ ಸ್ಥಿತಿಯಲ್ಲಿ ನಕ್ಕೆ! ಮುರಿದ ಕಾಲನ್ನು ಎಳೆದುಕೊಂಡು ಪೊದೆಯವರೆಗೂ ತೆವಳಿದೆ. ಮುಳ್ಳಿನ ಕೆಳಗೆ ಕೈ ತೂರಿಸಿ, "ತಗೋ, ಹಿಡ್ಕೋ," ಎಂದೆ.

ಒಂದು ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ತಣ್ಣಗಿರಲಿಲ್ಲ. ಬೆವೆತ, ಮಣ್ಣಾದ, ಒರಟು ಕೈ. ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು.

ಎಷ್ಟು ಹೊತ್ತು ಹಾಗಿದ್ದೆನೋ. ಮೇಲೆ ಆಡುಗಳ ಸದ್ದಾಯಿತು. ಒಬ್ಬ ಹೆಂಗಸು ಬಗ್ಗಿ ನೋಡಿ, "ಅಯ್ಯಯ್ಯೋ," ಎಂದು ಕೂಗಿದಳು. ಅವಳು ಓಡಿಹೋಗಿ ಜನ ಕರೆದುಕೊಂಡು ಬರುವಷ್ಟರಲ್ಲಿ ನನಗೆ ಅರೆಪ್ರಜ್ಞೆ. ಹಗ್ಗ ಇಳಿಬಿಟ್ಟರು, ಇಬ್ಬರು ಹುಡುಗರು ಇಳಿದರು, ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಬಿಗಿದು ನನ್ನನ್ನು ಕೂರಿಸಲು ಬಂದರು. ಕೈ ಯಾವಾಗ ಬಿಟ್ಟುಹೋಯಿತೋ ನನಗೆ ತಿಳಿಯಲಿಲ್ಲ.

"ಮೊದಲು ಅವನನ್ನ ಎತ್ತಿ," ಎಂದೆ.

"ಯಾರನ್ನ ಸಾರ್?"

"ಪೊದೆ ಹಿಂದೆ ಇದಾನೆ ನೋಡಿ."

ಒಬ್ಬ ಕೋಲಿನಿಂದ ಪೊದೆ ಸರಿಸಿದ, ಟಾರ್ಚ್ ಬಿಟ್ಟ. ಹಳೇ ಫ್ಲೆಕ್ಸ್ ಬ್ಯಾನರ್, ಬಾಟಲಿಗಳು, ಗೋಡೆ. ಅಷ್ಟೆ. ಪೊದೆಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗವೂ ಇರಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಟ ಮಾಡಿದೆ, ಅವರನ್ನು ಬೈದೆ. ಬಲವಂತದಿಂದ ಕುರ್ಚಿಗೆ ಕಟ್ಟಿ ಎಳೆದರು.

ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಡಾಕ್ಟರು ನನ್ನ ಕಥೆ ಕೇಳಿ, ನೋವು, ಬಿಸಿಲು, ನೀರಿಲ್ಲದ್ದು, ಇವುಗಳಿಂದ ಹೀಗೆ ಭ್ರಮೆಯಾಗುವುದು ಸಾಮಾನ್ಯ ಎಂದರು. ಮನಸ್ಸು ತನ್ನ ಹೆದರಿಕೆಯನ್ನೇ ಇನ್ನೊಬ್ಬನನ್ನಾಗಿ ಮಾಡಿಕೊಳ್ಳುತ್ತದಂತೆ. ನಾನೂ ಒಪ್ಪಿಕೊಂಡೆ. ಬೇರೆ ಯಾರಾದರೂ ಹೇಳಿದ್ದರೆ ನಾನು ಕೊಡುತ್ತಿದ್ದ ವಿವರಣೆಯೂ ಅದೇ.

ಊರುಗೋಲಿನಲ್ಲಿ ಓಡಾಡುವ ಹಾಗಾದ ಮೇಲೆ, ನನ್ನನ್ನು ಮೊದಲು ಕಂಡ ಆ ಹೆಂಗಸಿಗೆ ಒಂದು ಮಾತು ಹೇಳಿ ಬರೋಣ ಎಂದು ಇನಾಯತ್ ಜೊತೆಗೆ ಅವನ ಕಾರಿನಲ್ಲಿ ಹೋದೆ. ಅವಳ ಹೆಸರು ನರಸಮ್ಮ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ನೀವು ಬರದಿದ್ದರೆ ನನ್ನ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲ ಎಂದೆ.

"ನಿಮ್ ಕೂಗು ನಂಗೆಲ್ಲಿ ಕೇಳಿಸ್ತು ಸಾಮಿ," ಎಂದಳು ಅವಳು. "ನಂಗೆ ಕೇಳಿಸಿದ್ದು ಆ ಇನ್ನೊಬ್ಬಂದು. ಎಂಡ ಪೋತಾ ಉಂದಿ ಅಂತ ತೆಲುಗಲ್ಲಿ ಬಡ್ಕೊಂತಾ ಇದ್ನಲ್ಲ. ನಮ್ಮೋರು ಯಾರೋ ಬಿದ್ದೋರೆ ಅಂತ ಓಡಿ ಬಂದೆ. ಅವನ ಗತಿ ಏನಾಯ್ತು? ಈ ಹುಡುಗ್ರು ಯಾರೂ ಇರ್ಲಿಲ್ಲ ಅಂತವೆ."

ಬಿಸಿಲು ಹೋಗುತ್ತಿದೆ ಎಂಬ ಆ ಮಾತನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ, ಇನಾಯತನಿಗೂ ಹೇಳಿರಲಿಲ್ಲ. ತೆಲುಗಿನಲ್ಲಿ ಏನೋ ಅಳುತ್ತಿದ್ದ ಎಂದಷ್ಟೇ ಹೇಳಿದ್ದೆ.

ವಾಪಸು ಬರುವಾಗ ಇನಾಯತ್ ಮೆತ್ತಗೆ, "ಎರಡು ದನಿಯಲ್ಲೂ ನೀನೇ ಮಾತಾಡಿರಬಹುದಲ್ಲ ಯಾರ್? ನಿಂಗೆ ತೆಲುಗು ಗೊತ್ತು," ಎಂದ. ಇರಬಹುದು. ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಹೊಳೆದಿಲ್ಲ. ಹಾಗಾದರೆ ಕೈ ಹಿಡಿದದ್ದು ಯಾರು ಎಂದು ನಾನು ಕೇಳಲಿಲ್ಲ. ನನ್ನದೇ ಇನ್ನೊಂದು ಕೈ ಎನ್ನುತ್ತಿದ್ದನೋ ಏನೋ.

ಆ ಬಾವಿಯಲ್ಲಿ ಹಿಂದೆ ಯಾರಾದರೂ ಸತ್ತಿದ್ದರೇ ಎಂದು ವಿಚಾರಿಸಿದೆ. ಒಬ್ಬರು ಇಲ್ಲವೇ ಇಲ್ಲ ಎಂದರು. ಇನ್ನೊಬ್ಬರು ತಾತನ ಕಾಲದ್ದು ಏನೋ ಹೇಳಿದರು, ಅದನ್ನು ಕೇಳಿ ಪಕ್ಕದಲ್ಲಿದ್ದವರು ಅದು ಈ ಬಾವಿಯಲ್ಲ ಎಂದು ಜಗಳಕ್ಕೆ ನಿಂತರು. ಹುಡುಕಿದಷ್ಟೂ ಕೈಗೆ ಸಿಗಲಿಲ್ಲ.

ಅಷ್ಟರಲ್ಲಿ ಕಥೆ ಹಬ್ಬಿತ್ತು. ಬಾವಿಯ ಪಕ್ಕ ಒಂದು ಕಲ್ಲು ನಿಲ್ಲಿಸಿ ಅರಿಶಿನ ಕುಂಕುಮ ಬಳಿದರು. ಬಿದ್ದವರನ್ನು ಕಾಯುವ ಸ್ವಾಮಿ ಎಂದು ಹೆಸರಿಟ್ಟರು. ಗುಡಿ ಕಟ್ಟಬೇಕು, ಭೂಮಿಪೂಜೆಗೆ ನೀವೇ ಬಂದು ನಾಲ್ಕು ಮಾತು ಆಡಬೇಕು, ನೀವೇ ಸಾಕ್ಷಿ ಎಂದು ಇಬ್ಬರು ಮನೆಗೆ ಬಂದರು. ಎಷ್ಟೋ ವರ್ಷ ಪವಾಡ ಬಯಲು ಮಾಡಿಕೊಂಡು ತಿರುಗಿದವನ ಮನೆ ಬಾಗಿಲಿಗೆ! ಸಿಟ್ಟು ಬಂತು. ಹೋದೆ. ಸೇರಿದ್ದ ಜನರ ಮುಂದೆ ನಿಂತು, ಅಲ್ಲಿ ಯಾರೂ ಇರಲಿಲ್ಲ, ಅದು ನನ್ನ ಮಂಪರು, ನನ್ನ ಭ್ರಮೆ, ಅಲ್ಲಿರುವುದು ಬರೀ ಕಸ ಎಂದು ಗಟ್ಟಿಯಾಗಿ ಹೇಳಿದೆ. ಜನ ಸುಮ್ಮನೆ ಕೇಳಿದರು. ಆಮೇಲೆ ಮಂಗಳಾರತಿ ಮಾಡಿದರು.

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದೆ. ಹೆದರಿ ಅಳುತ್ತಿದ್ದ ಮನುಷ್ಯನೊಬ್ಬನನ್ನು ಊರ ಮುಂದೆ ಇಲ್ಲವೇ ಇಲ್ಲ ಎಂದು ಹೇಳಿ ಬಂದೆ ಅನ್ನಿಸಿತು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಮತ್ತೆ ಪಾಠ ಮಾಡುತ್ತಿದ್ದೇನೆ. ನನಗೆ ಜ್ಞಾನೋದಯವೇನೂ ಆಗಿಲ್ಲ. ಸುಮಿತ್ರ ಯಾಕೆ ಹೋದಳು ಎನ್ನುವುದಕ್ಕೆ ಇವತ್ತಿಗೂ ಡಾಕ್ಟರು ಹೇಳಿದ ಆ ಒಂದು ಮಾತೇ ಉತ್ತರ. ಮಧ್ಯಾಹ್ನಗಳಲ್ಲಿ ಅದು ಈಗಲೂ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆದರೆ ಈಗ ಗೋಡೆ ಹಿಡಿದುಕೊಳ್ಳುವುದಿಲ್ಲ. ಬಂದದ್ದು ಬರಲಿ ಎಂದು ಪಾಠ ಮುಂದುವರಿಸುತ್ತೇನೆ. ಧೈರ್ಯ ಅಂದರೆ ಇಷ್ಟೇ ಆದರೆ, ಅದು ನನಗೆ ಸಿಕ್ಕಿದೆ. ಓದಿದ ಪುಸ್ತಕಗಳಿಂದ ಸಿಗಲಿಲ್ಲ, ಬಂದು ಹೋದ ನೆಂಟರಿಂದ ಸಿಗಲಿಲ್ಲ. ನನಗಿಂತ ಹೆಚ್ಚು ಹೆದರಿದ್ದ ಒಬ್ಬನಿಂದ ಸಿಕ್ಕಿತು. ಅವನಿಗೆ ನನ್ನಿಂದ ಏನು ಸಿಕ್ಕಿತೋ ಕಾಣೆ.

ಈಚೆಗೆ ಆ ತೋಪನ್ನು ಲೇಔಟ್ ಮಾಡುತ್ತಿದ್ದಾರೆ ಎಂದು ಇನಾಯತ್ ಹೇಳಿದ. ಬೆಂಗಳೂರಿನವರು ಸೈಟು ಕೊಳ್ಳುತ್ತಿದ್ದಾರಂತೆ. ಮರುದಿನವೇ ಹೋದೆ. ನೀಲಗಿರಿ ಮರಗಳೆಲ್ಲ ಹೋಗಿದ್ದವು. ಗುಡಿಯಾಗದೆ ಉಳಿದಿದ್ದ ಕುಂಕುಮದ ಕಲ್ಲನ್ನು ಕಿತ್ತು ಗೇಟಿನ ಹತ್ತಿರ ಒರಗಿಸಿದ್ದರು. ಜೆಸಿಬಿಯೊಂದು ಬಾವಿಯ ಅಂಚಿಗೆ ಬಂದು ಮಣ್ಣು ತಳ್ಳುತ್ತಿತ್ತು. ನಾನು ಕೈ ಅಡ್ಡ ಹಿಡಿದು, ಒಂದು ನಿಮಿಷ ಇಂಜಿನ್ ಆಫ್ ಮಾಡಪ್ಪಾ ಎಂದು ಡ್ರೈವರನ್ನು ಕೇಳಿಕೊಂಡೆ. ವಯಸ್ಸಾದವರು ಎಂದೋ ಏನೋ, ಆಫ್ ಮಾಡಿದ.

ಅಂಚಿಗೆ ಹೋಗಿ ಬಗ್ಗಿ ನಿಂತೆ. ಪೊದೆ ಆಗಲೇ ಮಣ್ಣಿನಡಿ ಹೋಗಿತ್ತು. ಕಿವಿಗೊಟ್ಟು ಕೇಳಿದೆ. ಜಾರುತ್ತಿದ್ದ ಮಣ್ಣಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ಏನ್ ಸಾರ್, ಒಳಗೆ ಯಾರಾದ್ರೂ ಇದಾರಾ?" ಡ್ರೈವರ್ ನಗುತ್ತಾ ಕೇಳಿದ.

ಇದ್ದಾನೆ ಎನ್ನುವುದಕ್ಕೆ ಬುದ್ಧಿ ಒಪ್ಪಲಿಲ್ಲ. ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ಕಾದ. ಆಮೇಲೆ ಇಂಜಿನ್ ಮತ್ತೆ ಚಾಲೂ ಮಾಡಿದ.